ಮಲ್ಲಯ್ಯನ ಬೆಟ್ಟಕ್ಕೆ ನಡೆಯುವ ಮುನ್ನ

ನಲ್ಲಮಲದ ಕಾಡುಹಾದಿಯಲ್ಲಿ ಶ್ರೀಶೈಲಕ್ಕೆ ನಡೆಯಬೇಕೆನ್ನುವ ಹೈದರಾಬಾದ್ ಕನ್ನಡಿಗರಿಗೆ ಒಂದು ಸಿದ್ಧತೆಯ ಕೈಪಿಡಿ

ಹೋಳಿ ಹುಣ್ಣಿಮೆ ಮುಗಿದರೆ ಯುಗಾದಿಗೆ ಹದಿನೈದು ದಿನ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಶ್ರೀಶೈಲ ಮಲ್ಲಯ್ಯನ ಕಂಬಿ ಹೊರಡುವುದು ಆ ಹೊತ್ತಿನಲ್ಲೇ. ಹೆಗಲ ಮೇಲೆ ಕಂಬಿಯೆಂಬ ಹರಕೆಯ ಕಾವಡಿ, ಬೆನ್ನಿಗೆ ಬುತ್ತಿಗಂಟು, ಬಾಯಲ್ಲಿ ಮಲ್ಲಯ್ಯನ ಹೆಸರು. ಗುಂಪುಗುಂಪಾಗಿ ಹೊರಟವರು ರಾಯಚೂರು ದಾಟಿ, ಕರ್ನೂಲು ಹಾದು, ಆತ್ಮಕೂರಿನ ಬಳಿ ನಲ್ಲಮಲದ ಕಾಡು ಹೊಗುತ್ತಾರೆ. ದಾರಿಯುದ್ದಕ್ಕೂ ಊರವರು ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಬಾತ ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಮರಗಾಲು ಕಟ್ಟಿಕೊಂಡೇ ಅಷ್ಟು ದೂರ ನಡೆಯುವ ಹರಕೆಯವರೂ ಇದ್ದಾರೆ. ಬಾಗಲಕೋಟೆಯಿಂದ ಲೆಕ್ಕ ಹಾಕಿದರೆ ಇದು ನಾನೂರು ಕಿ.ಮೀ. ಆಸುಪಾಸಿನ ನಡಿಗೆ. ದಿನಕ್ಕೆ ಮೂವತ್ತು ಕಿ.ಮೀ. ನಡೆದರೂ ಎರಡು ವಾರ ಬೇಕು.

ಚಾರಣದ ಮಾತು ಬಂದರೆ ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಹುಡುಗರು ಹಿಮಾಲಯದ ಕಣಿವೆಗಳ ಹೆಸರು ಹೇಳುತ್ತಾರೆ, ಇಲ್ಲವೇ ಕುಮಾರಪರ್ವತದ್ದು. ತಪ್ಪೇನಿಲ್ಲ. ಆದರೆ ಕನ್ನಡಿಗರೇ ತಲೆಮಾರುಗಳಿಂದ ನಡೆದು ಉಳಿಸಿಕೊಂಡ ಒಂದು ದೂರದ ಬೆಟ್ಟದ ಹಾದಿ ಈ ನಗರದಿಂದ ಅರ್ಧ ದಿನದ ಪ್ರಯಾಣದಷ್ಟು ಹತ್ತಿರದಲ್ಲಿದೆ. ಪೂರ್ತಿ ಹಾದಿ ನಡೆಯಲು ಎಲ್ಲರಿಗೂ ರಜೆ ಸಿಗುವುದಿಲ್ಲ. ಅದರ ಕೊನೆಯ, ಅತಿ ಕಠಿಣ ಭಾಗವಾದ ನಲ್ಲಮಲದ ಕಾಡುಹಾದಿಯನ್ನಾದರೂ ನಡೆಯೋಣ ಎಂದು ವರ್ಷವರ್ಷವೂ ಹಲವರು ಹೊರಡುತ್ತಾರೆ.

ತೊಡಕು ಇರುವುದು ಇಲ್ಲೇ. ಊರಿಂದ ನಡೆದು ಬಂದವರ ಕಾಲು ಆತ್ಮಕೂರು ಮುಟ್ಟುವಷ್ಟರಲ್ಲಿ ಮುನ್ನೂರು ಕಿ.ಮೀ. ಮೀರಿ ನಡೆದು ಪಳಗಿರುತ್ತದೆ. ಗುಳ್ಳೆ ಎದ್ದು ಒಡೆದು ಗಟ್ಟಿಯಾಗಿರುತ್ತವೆ, ಮೈ ಬಿಸಿಲಿಗೆ ಒಗ್ಗಿರುತ್ತದೆ, ಗುಂಪಿನವರಿಗೆ ಒಬ್ಬರ ನಡಿಗೆ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಹೈದರಾಬಾದಿನಿಂದ ಬಂದು ಬಸ್ಸಿಳಿದವರದ್ದು ಹಸಿ ಕಾಲು. ಮೊದಲ ದಿನವೇ ಕಾಡು, ಮೊದಲ ದಿನವೇ ಕಲ್ಲುದಾರಿ, ಮೊದಲ ದಿನವೇ ಬಿಸಿಲು. ಹಳ್ಳಿಯವರಿಗೆ ಹಾದಿಯೇ ಕಲಿಸಿದ್ದನ್ನು ಪಟ್ಟಣದವರು ಮನೆಯಲ್ಲಿದ್ದಾಗಲೇ ಕಲಿತು ಹೊರಡಬೇಕು. ಭಕ್ತಿ ಎಷ್ಟೇ ಇರಲಿ, ಅದು ಸಿದ್ಧತೆಯ ಜಾಗ ತುಂಬುವುದಿಲ್ಲ.

ಎಂಟು ಶತಮಾನ ಮೀರಿದ ನಡಿಗೆ

ಹನ್ನೆರಡನೆಯ ಶತಮಾನದ ಶರಣರ ಬದುಕಿನಲ್ಲಿ ಶ್ರೀಶೈಲ ಮತ್ತೆ ಮತ್ತೆ ಬರುತ್ತದೆ. ಸೊನ್ನಲಿಗೆಯ ಸಿದ್ಧರಾಮ ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಹುಡುಕಿಕೊಂಡು ಈ ಬೆಟ್ಟಕ್ಕೆ ಬಂದ ಕಥೆಯನ್ನು ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ್ದಾನೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳು. ಮಲೆನಾಡಿನಿಂದ ಬೀದರಿನ ಬಯಲಿಗೆ, ಅಲ್ಲಿಂದ ಕೃಷ್ಣೆಯ ಕಣಿವೆಗೆ. ಒಂಟಿ ಹೆಣ್ಣುಮಗಳೊಬ್ಬಳು ನಡೆದ ಆ ದೂರವನ್ನು ನಕಾಶೆಯ ಮೇಲೆ ಬೆರಳಿಟ್ಟು ಅಳೆದು ನೋಡಿದರೆ ಗೌರವ ಇಮ್ಮಡಿಯಾಗುತ್ತದೆ. ಕೃಷ್ಣೆಯ ದಂಡೆಯಲ್ಲಿರುವ ಅಕ್ಕಮಹಾದೇವಿ ಗುಹೆಗೆ ಇಂದು ಶ್ರೀಶೈಲದ ಕೆಳಗಿನ ಪಾತಾಳಗಂಗೆಯ ಘಟ್ಟದಿಂದ ದೋಣಿಯಲ್ಲಿ ಹೋಗಿ, ಬಳಿಕ ಬೆಟ್ಟ ಹತ್ತಬೇಕು.

ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ‘ಪಂಡಿತಾರಾಧ್ಯ ಚರಿತ್ರ’ದ ಒಂದು ಇಡೀ ಪ್ರಕರಣ ಈ ಪರ್ವತಕ್ಕೇ ಮೀಸಲು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮಾರೆಡ್ಡಿ ಯಾತ್ರಿಕರಿಗಾಗಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. 1677ರಲ್ಲಿ ಗೋಲ್ಕೊಂಡದ ಕುತುಬ್‌ಶಾಹಿ ಸುಲ್ತಾನನನ್ನು ಹೈದರಾಬಾದಿನಲ್ಲಿ ಕಂಡ ಶಿವಾಜಿ ಮಹಾರಾಜ, ಅಲ್ಲಿಂದ ದಕ್ಷಿಣಕ್ಕೆ ಹೊರಟು ಶ್ರೀಶೈಲಕ್ಕೆ ಬಂದ. ದೇವಾಲಯದ ಉತ್ತರ ಗೋಪುರ ಅವನ ಹೆಸರಿನೊಂದಿಗೇ ಉಳಿದಿದೆ.

ಹಾದಿಯ ವಿವರ ಬೇಕೆನ್ನುವವರಿಗೆ ಇನ್ನೂ ಹತ್ತಿರದ ಸಾಕ್ಷಿಯಿದೆ. ಮದರಾಸಿನ ಏನುಗುಲ ವೀರಾಸ್ವಾಮಯ್ಯ 1830ರ ಮೇ ತಿಂಗಳಲ್ಲಿ ಕಾಶಿಗೆ ಹೊರಟು, ದಾರಿಯಲ್ಲಿ ಆತ್ಮಕೂರಿನ ಮೂಲಕ ಕಾಡು ಹೊಕ್ಕು ಶ್ರೀಶೈಲ ನೋಡಿಕೊಂಡು, ಮುಂದೆ ಹೈದರಾಬಾದಿಗೆ ಬಂದರು. 1838ರಲ್ಲಿ ಅಚ್ಚಾದ ಅವರ ‘ಕಾಶಿಯಾತ್ರಾ ಚರಿತ್ರ’ ತೆಲುಗಿನ ಮೊದಲ ಪ್ರವಾಸಕಥನವೆಂದು ಹೆಸರಾಗಿದೆ. ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಲನು ಎಂದು ಅವರು ಹೇಳುವ ತಂಗುದಾಣಗಳೇ ಇಂದಿಗೂ ತಂಗುದಾಣಗಳು. ಸುಮಾರು ಇನ್ನೂರು ವರ್ಷ ಕಳೆದರೂ ಅವು ಬದಲಾಗದಿರಲು ಕಾರಣ ಒಂದೇ, ನೀರು. ಬೇಸಿಗೆಯಲ್ಲಿ ನೀರು ಸಿಗುವ ಜಾಗಗಳನ್ನು ಒಂದಕ್ಕೊಂದು ಜೋಡಿಸಿದಾಗ ಮೂಡಿದ ಗೆರೆಯೇ ಈ ಹಾದಿ. ಇಷ್ಟು ತಿಳಿದರೆ ಯೋಜನೆಯ ಮೊದಲ ಪಾಠ ಕಲಿತಂತೆ. ದಿನಕ್ಕೆ ಎಷ್ಟು ಕಿ.ಮೀ. ನಡೆಯಬಲ್ಲೆ ಎಂಬ ಲೆಕ್ಕಕ್ಕಿಂತ, ಮುಂದಿನ ನೀರಿಗೆ ಬಿಸಿಲೇರುವ ಮೊದಲೇ ಮುಟ್ಟುತ್ತೇನೆಯೇ ಎಂಬ ಲೆಕ್ಕ ಇಲ್ಲಿ ದೊಡ್ಡದು.

ಕಾಡಿನೊಳಗಿನ ದಾರಿ

ನಲ್ಲಮಲ ಪೂರ್ವಘಟ್ಟಗಳ ಸಾಲು. ಕೃಷ್ಣಾ ಮತ್ತು ಪೆನ್ನಾ ನದಿಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 430 ಕಿ.ಮೀ. ಹಬ್ಬಿದೆ. ಪಶ್ಚಿಮಘಟ್ಟದ ತಂಪು, ಜಿನುಗು ನೀರು, ಸದಾ ಹಸುರು ಇಲ್ಲಿಲ್ಲ. ಇದು ಎಲೆ ಉದುರಿಸುವ ಒಣ ಕಾಡು. ಮತ್ತಿ, ದಿಂಡಿಗ, ತೇಗ, ಬಿದಿರು ಇಲ್ಲಿನ ಮರಗಳು. ಮಾರ್ಚಿನಲ್ಲಿ ಮುತ್ತುಗ ಹೂಬಿಟ್ಟು ಕಾಡಂಚು ಕೆಂಪಾಗುತ್ತದೆ, ಆದರೆ ಆ ಹೊತ್ತಿಗೆ ನೆರಳು ಕೊಡುವ ಎಲೆಗಳೆಲ್ಲ ನೆಲದ ಮೇಲಿರುತ್ತವೆ. ಕಾಲಡಿಯ ಬಂಡೆ ಗಡುಸು, ಅಂಚು ಚೂಪು. ಬಯಲುಸೀಮೆಯ ಮಣ್ಣಿನ ದಾರಿಯಲ್ಲಿ ನಡೆದವರನ್ನೂ ಇಲ್ಲಿನ ಕಲ್ಲು ಕಾಡುತ್ತದೆ.

ನಂದ್ಯಾಲ ಜಿಲ್ಲೆಯ ಆತ್ಮಕೂರಿನಿಂದ ಮೊದಲು ವೆಂಕಟಾಪುರ. ಊರು ಮುಗಿದು ಕಾಡು ಶುರುವಾಗುವುದು ಅಲ್ಲಿ. ಅಲ್ಲಿಂದ ಶ್ರೀಶೈಲಕ್ಕೆ ಕಾಡಿನೊಳಗೆ ಸುಮಾರು 40 ಕಿ.ಮೀ. ಡಾಂಬರು ರಸ್ತೆ ಹಿಡಿದು ದೋರ್ನಾಲ ಸುತ್ತಿ ಹೋದರೆ ದೂರ ಎರಡು ಪಟ್ಟಿಗಿಂತ ಹೆಚ್ಚು. ಮೊದಲ ತಂಗು ನಾಗಲೂಟಿ. ವೀರಭದ್ರನ ಹಳೆಯ ಗುಡಿ, ಪಕ್ಕದಲ್ಲೇ ಪುಷ್ಕರಣಿ. ಅಲ್ಲಿಂದ ಏರುತ್ತ, ಕಾಡಿನ ಎತ್ತರದ ಬಯಲನ್ನು ಹಾಯುತ್ತ ಪೆದ್ದ ಚೆರುವಿಗೆ. ಹೆಸರಿಗೆ ತಕ್ಕಂತೆ ದೊಡ್ಡ ಕೆರೆ, ಅದರ ಪಕ್ಕದಲ್ಲಿ ಚೆಂಚು ಜನರ ಗುಡಿಸಲುಗಳು. ಮುಂದೆ ಮಠಂಬಾವಿ ದಾಟಿದರೆ ನಮ್ಮವರು ಭೀಮನ ಕೊಳ್ಳ ಎನ್ನುವ ಭೀಮುನಿ ಕೊಲನು.

ಇಡೀ ಹಾದಿಯ ಪರೀಕ್ಷೆ ನಡೆಯುವುದು ಈ ಕೊಳ್ಳದಲ್ಲಿ. ಇಲ್ಲಿಯವರೆಗೆ ಗಳಿಸಿದ ಎತ್ತರವನ್ನೆಲ್ಲ ಕಳೆದುಕೊಂಡು ಆಳದ ಕಣಿವೆಗೆ ಇಳಿಯಬೇಕು. ಇಳಿದ ಕೂಡಲೇ ಎದುರಿನ ಗೋಡೆಯಂಥ ಬೆಟ್ಟವನ್ನು ಕಲ್ಲುಮೆಟ್ಟಿಲುಗಳ ಮೇಲೆ ಹತ್ತಬೇಕು. ಹತ್ತಿ ಮುಗಿಸಿದಲ್ಲಿ ಕೈಲಾಸ ದ್ವಾರ. ಅಲ್ಲಿಂದ ಹಾಟಕೇಶ್ವರ, ಆಮೇಲೆ ಶ್ರೀಶೈಲ. ಇಳಿಜಾರಿನಲ್ಲಿ ಮಂಡಿ ನಡುಗುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ. ದಾರಿ ಇನ್ನೇನು ಮುಗಿಯಿತು ಎಂದುಕೊಂಡು ನೀರು ಖಾಲಿ ಮಾಡಿಕೊಂಡವರು ಕಷ್ಟಕ್ಕೆ ಸಿಕ್ಕುವುದು ಇದೇ ಮೆಟ್ಟಿಲುಗಳ ಮೇಲೆ. ಭೀಮನ ಕೊಳ್ಳವನ್ನು ಬೆಳಗಿನ ಹೊತ್ತಿನಲ್ಲೇ ದಾಟುವಂತೆ ಎರಡು ದಿನದ ಲೆಕ್ಕ ಹಾಕಿಕೊಳ್ಳುವುದು ಜಾಣತನ. ಮೊದಲ ದಿನ ನಸುಕಿನಲ್ಲೇ ವೆಂಕಟಾಪುರ ಬಿಟ್ಟು ಪೆದ್ದ ಚೆರುವಿನಲ್ಲಿ ತಂಗುವುದು, ಮರುದಿನ ಬೆಳಕು ಹರಿಯುತ್ತಲೇ ಕೊಳ್ಳದ ಕಡೆ ಹೊರಡುವುದು. ಎಲ್ಲಿ ರಾತ್ರಿ ಕಳೆಯಲು ಬಿಡುತ್ತಾರೆ ಎಂಬುದನ್ನು ಮಾತ್ರ ಆಯಾ ವರ್ಷದ ಅರಣ್ಯ ಇಲಾಖೆಯ ಸೂಚನೆ ನೋಡಿಯೇ ನಿಶ್ಚಯಿಸಬೇಕು.

ಶಿವರಾತ್ರಿಯೋ, ಯುಗಾದಿಯೋ?

ಈ ಹಾದಿ ವರ್ಷವಿಡೀ ತೆರೆದಿರುವುದಿಲ್ಲ. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ಒಡಲು. ಆಂಧ್ರಪ್ರದೇಶದ ವಿಭಜನೆಗೆ ಮುನ್ನ 3,568 ಚದರ ಕಿ.ಮೀ. ವಿಸ್ತಾರವಿದ್ದ ಈ ಅರಣ್ಯ ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶವಾಗಿತ್ತು. ವಿಭಜನೆಯ ನಂತರ ಕೃಷ್ಣೆಯ ಆಚೆಯ ತೆಲಂಗಾಣದ ಪಾಲು ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪಾದಯಾತ್ರಿಗಳಿಗೆ ಕಾಡು ತೆರೆಯುವುದು ಮಹಾಶಿವರಾತ್ರಿ ಮತ್ತು ಯುಗಾದಿಯ ಹೊತ್ತಿನಲ್ಲಿ, ಅದೂ ಇಲಾಖೆ ಗೊತ್ತುಮಾಡಿದ ದಿನಗಳಲ್ಲಿ, ಗೊತ್ತುಮಾಡಿದ ದಾರಿಯಲ್ಲಿ ಮಾತ್ರ. ಬೇರೆ ಸಮಯದಲ್ಲಿ ಒಳಹೊಕ್ಕರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಶಿವರಾತ್ರಿ ಬರುವುದು ಫೆಬ್ರವರಿ–ಮಾರ್ಚಿನಲ್ಲಿ. ಬೆಳಗು ತಂಪು, ಕೆರೆಗಳಲ್ಲಿ ನೀರು ಹೆಚ್ಚು. ಮೊದಲ ಸಲ ನಡೆಯುವವರಿಗೆ ಮೈಗೆ ಹಿತವಾದ ಕಾಲ ಇದೇ. ಆಗ ನಡೆಯುವವರಲ್ಲಿ ಶಿವದೀಕ್ಷೆ ತೊಟ್ಟ ತೆಲುಗು ಭಕ್ತರು ಹೆಚ್ಚು. ಚೀರಾಲದ ನೇಕಾರರು ದಿನಕ್ಕೊಂದು ಮೊಳದಂತೆ ವರ್ಷವಿಡೀ ನೇಯ್ದ ಬಟ್ಟೆಯನ್ನು ಶಿವರಾತ್ರಿಯ ಕತ್ತಲಲ್ಲಿ ಗೋಪುರಕ್ಕೆ ಪಾಗಾ, ಅಂದರೆ ಪೇಟದಂತೆ ಸುತ್ತುವುದನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ.

ಯುಗಾದಿ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಯಾವಾಗ ಬೇಕಾದರೂ ಬರಬಹುದು. ಬಿಸಿಲು ಏರಿರುತ್ತದೆ. ಆದರೆ ಆಗ ಶ್ರೀಶೈಲ ಅಕ್ಷರಶಃ ಕನ್ನಡದ ಊರು. ಐದು ದಿನಗಳ ಯುಗಾದಿ ಉತ್ಸವಕ್ಕೆ ಸೇರುವವರಲ್ಲಿ ಬಹುಪಾಲು ಕರ್ನಾಟಕದವರು, ಜೊತೆಗೆ ಮಹಾರಾಷ್ಟ್ರದವರು. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬ ನಂಟಿನಿಂದ ಬರುವ ಜನ ತವರಿನ ಸೀರೆ, ಅರಿಸಿನ–ಕುಂಕುಮ ಹೊತ್ತು ತರುತ್ತಾರೆ. ಹಬ್ಬದ ಹಿಂದಿನ ರಾತ್ರಿ ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ವೀರಾಚಾರ, ಕೆಂಡ ಹಾಯುವ ಅಗ್ನಿಗುಂಡ. ಕಾಡಿನ ಹಾದಿಯಲ್ಲಿ ದಾಸೋಹದ ಬಿಡಾರ, ನೀರಿನ ಅರವಟ್ಟಿಗೆ, ವೈದ್ಯಕೀಯ ಶಿಬಿರ ಏಳುತ್ತವೆ. ಸಹಾಯ ಸಿಗುವುದು ಜನ ಹೆಚ್ಚಿದ್ದಾಗ, ನೂಕುನುಗ್ಗಲೂ ಆಗಲೇ.

ಇವೆರಡರಲ್ಲಿ ಆಯ್ಕೆ ಹೀಗಿರಲಿ. ಮೊದಲ ಸಲದವರು, ಐವತ್ತು ದಾಟಿದವರು, ಬಿಸಿಲು ತಡೆಯದವರು ಶಿವರಾತ್ರಿಗೆ ಹೋಗಲಿ. ಊರಿನ ಕಂಬಿಯ ಜೊತೆ, ನಮ್ಮ ಭಾಷೆಯ ನಡುವೆ ನಡೆಯಬೇಕೆಂಬ ಆಸೆಯಿದ್ದವರು ಯುಗಾದಿಗೆ ಹೋಗಲಿ. ಯಾವುದೇ ಆದರೂ ಹಬ್ಬದ ದಿನಕ್ಕಿಂತ ಎರಡು–ಮೂರು ದಿನ ಮೊದಲೇ ಬೆಟ್ಟ ಮುಟ್ಟುವಂತೆ ಹೊರಟರೆ ಹಾದಿಯಲ್ಲೂ ಸರತಿಯಲ್ಲೂ ಉಸಿರಾಡಲು ಜಾಗ ಸಿಗುತ್ತದೆ. ಜನ ತುಂಬಿದ ದಿನಗಳಲ್ಲಿ ಲಿಂಗವನ್ನು ಮುಟ್ಟಿ ನಮಿಸುವ ಸ್ಪರ್ಶದರ್ಶನ ಸಿಗದೆ ಹೋಗಬಹುದು. ಅದಕ್ಕೆ ಮನಸ್ಸನ್ನು ಮೊದಲೇ ಒಪ್ಪಿಸಿಕೊಂಡಿರಬೇಕು.

ಹಸಿ ಕಾಲನ್ನು ಪಳಗಿಸುವುದು

ಹೊರಡುವ ದಿನಕ್ಕೆ ಹತ್ತು–ಹನ್ನೆರಡು ವಾರ ಮೊದಲು ಅಭ್ಯಾಸ ಶುರುವಾಗಬೇಕು. ಅದಕ್ಕೆ ಬೇಕಾದ ಜಾಗಗಳೆಲ್ಲ ಹೈದರಾಬಾದಿನಲ್ಲೇ ಇವೆ. ಜುಬಿಲಿ ಹಿಲ್ಸ್‌ನ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನದ ಸುತ್ತಿನ ನಡಿಗೆದಾರಿಯಲ್ಲಿ ವಾರಕ್ಕೆ ನಾಲ್ಕು ದಿನ ನಡೆಯಿರಿ. ಮೊದಲ ವಾರ ಐದು ಕಿ.ಮೀ. ಸಾಕು, ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಿ. ಮೆಟ್ಟಿಲಿಗೆ ಗೋಲ್ಕೊಂಡದ ಬಾಲಾಹಿಸಾರ್ ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಗಮನಿಸಿ. ಭೀಮನ ಕೊಳ್ಳದಲ್ಲಿ ಕೈಕೊಡುವುದು ಮಂಡಿ, ಮತ್ತು ಮಂಡಿಯ ಸುತ್ತಲಿನ ಸ್ನಾಯು ಗಟ್ಟಿಯಾಗುವುದು ನಿಧಾನವಾಗಿ ಮೆಟ್ಟಿಲಿಳಿದಾಗ.

ಕಲ್ಲಿನ ಮೇಲೆ ಕಾಲಿಡುವ ಧೈರ್ಯ ಬರಬೇಕೆಂದರೆ ಭುವನಗಿರಿಗೆ ಹೋಗಿ. ಕಲ್ಯಾಣದ ಚಾಲುಕ್ಯ ದೊರೆ ತ್ರಿಭುವನಮಲ್ಲ ಆರನೇ ವಿಕ್ರಮಾದಿತ್ಯನ ಹೆಸರು ಹೊತ್ತ ಆ ಏಕಶಿಲೆಯ ಕೋಟೆ ನಗರದಿಂದ ಐವತ್ತು ಕಿ.ಮೀ. ಒಳಗಿದೆ. 2014ರ ಮೇ 25ರಂದು ಹದಿಮೂರರ ಹರೆಯದಲ್ಲೇ ಎವರೆಸ್ಟ್ ಏರಿದ ತೆಲಂಗಾಣದ ಹುಡುಗಿ ಮಾಲಾವತ್ ಪೂರ್ಣಾ ಬಂಡೆ ಹತ್ತಲು ಕಲಿತದ್ದು ಇಲ್ಲಿಯೇ. ಕಾಡುದಾರಿಯ ಅಭ್ಯಾಸಕ್ಕೆ ವಿಕಾರಾಬಾದಿನ ಅನಂತಗಿರಿ ಬೆಟ್ಟ. ಹೈದರಾಬಾದಿನ ನಡುವೆ ಹರಿಯುವ ಮೂಸಿ ಹುಟ್ಟುವುದು ಆ ಬೆಟ್ಟದಲ್ಲಿ.

ಮುಖ್ಯವಾದ ಪರೀಕ್ಷೆ ಕೊನೆಯ ತಿಂಗಳಲ್ಲಿ. ಒಂದು ಶನಿವಾರ ಇಪ್ಪತ್ತು ಕಿ.ಮೀ. ನಡೆದು, ಮರುದಿನ ಭಾನುವಾರ ಎದ್ದು ಮತ್ತೆ ಹದಿನೈದು ಕಿ.ಮೀ. ನಡೆಯಿರಿ. ಬೆನ್ನಿಗೆ ಹಾದಿಯಲ್ಲಿ ಹೊರುವಷ್ಟೇ ಭಾರವಿರಲಿ, ಕಾಲಿಗೆ ಹಾದಿಯಲ್ಲಿ ಹಾಕುವ ಬೂಟೇ ಇರಲಿ. ಒಂದು ದಿನ ದೂರ ನಡೆಯುವುದು ಉತ್ಸಾಹದಿಂದಲೂ ಆದೀತು. ಮರುದಿನ ನೋವುಗಾಲಿನಲ್ಲಿ ನಡೆಯುವುದು ಅಭ್ಯಾಸದಿಂದ ಮಾತ್ರ ಆಗುವಂಥದ್ದು. ಎರಡನೆಯ ದಿನ ಏಳಲಾಗದವರು ಆ ವರ್ಷ ಕಾಡುಹಾದಿ ಬಿಡುವುದು ಒಳ್ಳೆಯದು. ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಕಾಡುಹಾದಿ ಆಗದವರು ನಿರಾಶರಾಗಬೇಕಿಲ್ಲ. ಬಸ್ಸಿನಲ್ಲಿ ಶ್ರೀಶೈಲ ಮುಟ್ಟಿ, ಹಬ್ಬದ ದಿನಗಳಲ್ಲಿ ಹಾಟಕೇಶ್ವರದ ಕಡೆಯಿಂದ ಕೈಲಾಸ ದ್ವಾರದವರೆಗೆ ನಡೆದು ಬರುವ ಹಿರಿಯರಿದ್ದಾರೆ. ಬೆಟ್ಟ ಹತ್ತಿ ಬರುವವರಿಗೆ ಅಲ್ಲಿ ನಿಂತು ನೀರು ಕೊಡುವುದೂ ಯಾತ್ರೆಯೇ.

ಬುತ್ತಿ, ನೀರು, ಕಾಲು

ಹೊರೆ ದೇಹದ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಅದರೊಳಗೇ ಎಲ್ಲವೂ ಹಿಡಿಯಬೇಕು. ಎರಡು ಜೊತೆ ಹತ್ತಿಬಟ್ಟೆ, ತೆಳು ಹೊದಿಕೆ, ಟಾರ್ಚು, ಔಷಧಿ, ಆಧಾರ್‌ನ ಪ್ರತಿ, ಸ್ವಲ್ಪ ನಗದು, ಬುತ್ತಿ. ಬುತ್ತಿಯ ವಿಷಯದಲ್ಲಿ ಉತ್ತರ ಕರ್ನಾಟಕದ ಅಡುಗೆಮನೆಗೆ ಯಾರೂ ಪಾಠ ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ, ಹುರಿಗಡಲೆ. ಹಗುರ, ಕೆಡುವುದಿಲ್ಲ, ಒಲೆ ಬೇಡ, ಉಪ್ಪೂ ಸಿಹಿಯೂ ಎರಡೂ ಇವೆ. ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಚಾರಣದ ತಿಂಡಿಪೊಟ್ಟಣಗಳು ಮಾಡುವ ಕೆಲಸವನ್ನು ಇವು ಮಾಡುತ್ತವೆ.

ಮೂರು ಲೀಟರ್ ನೀರು ಹಿಡಿಯುವಷ್ಟು ಬಾಟಲಿಗಳಿರಲಿ, ಸ್ಟೀಲಿನವೇ ಆಗಿರಲಿ. ಬಿಸಿಲಲ್ಲಿ ಏರುವಾಗ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಾಗದಂತೆ, ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರು ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಓಆರ್‌ಎಸ್ ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಮಟ್ಟಸವಾಗಿ ಅಳೆದು ಹಾಕಿ ಕಲಸಿಕೊಳ್ಳಬಹುದು. ಕೆರೆ, ಹಳ್ಳದ ನೀರನ್ನು ಸೋಸಿ, ಶುದ್ಧೀಕರಣದ ಮಾತ್ರೆ ಹಾಕದೆ ಕುಡಿಯಬೇಡಿ. ಸಾವಿರಾರು ಜನ ಇಳಿದ ನೀರು ಅದು.

ಬೆಳಗಿನ ಹತ್ತು–ಹನ್ನೊಂದರ ಬಳಿಕ ಮೂರೂವರೆಯವರೆಗೆ ನೆರಳು ಕಂಡಲ್ಲಿ ಕುಳಿತುಬಿಡಿ. ಜೊತೆಯವರು ಏನೋ ಒಂದು ಮಾತಾಡುತ್ತ ತಡವರಿಸಿದರೆ, ಮೈ ಕಾದು ಬುದ್ಧಿ ಮಂಕಾದರೆ, ಅದು ಆಯಾಸವಲ್ಲ, ಬಿಸಿಲಾಘಾತ. ಒಡನೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಹತ್ತಿರದ ಶಿಬಿರಕ್ಕೆ ಸುದ್ದಿ ಮುಟ್ಟಿಸಿ. ಕಾಡಿನೊಳಗೆ ಮೊಬೈಲ್ ಸಂಪರ್ಕವನ್ನು ನಂಬಿ ಕೂರುವಂತಿಲ್ಲ. ಗುಂಪಿನ ಎಲ್ಲರ ನಂಬರುಗಳು ಕಾಗದದ ಮೇಲೂ ಇರಲಿ.

ಕಾಲಿನ ವಿಷಯ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ಕನಿಷ್ಠ ಒಂದು ತಿಂಗಳು ಹಾಕಿ ಮೆತ್ತಗಾದದ್ದೇ ಬೇಕು. ಬರಿಗಾಲಿನ ಹರಕೆಯಿದ್ದವರು ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇಟ್ಟುಕೊಂಡಿರಲಿ. ಮಧುಮೇಹಿಗಳು ಬರಿಗಾಲಿನ ಹರಕೆ ಹೊರಲೇಬಾರದು, ಅವರಲ್ಲಿ ಹಲವರಿಗೆ ಅಂಗಾಲಿನ ಗಾಯ ತಿಳಿಯುವುದೇ ಇಲ್ಲ. ಚರ್ಮ ಕೆಂಪಾಗಿ ಉರಿದ ಕೂಡಲೇ ನಿಂತು ಟೇಪು ಅಂಟಿಸಿದರೆ ಗುಳ್ಳೆ ಏಳುವುದು ತಪ್ಪುತ್ತದೆ. ಇನ್ನೊಂದು ಕಿ.ಮೀ. ನಡೆದು ನೋಡೋಣ ಎಂದವರು ಮರುದಿನ ಕುಂಟುತ್ತಾರೆ.

ನಡಿಗೆಯ ಕ್ರಮವನ್ನು ಕಂಬಿಯವರಿಂದಲೇ ಕಲಿಯಬೇಕು. ಹಿರಿಯರೊಬ್ಬರ ಮಾತಿನಂತೆ ಎಲ್ಲರೂ ಏಳುವುದು, ಎಲ್ಲರೂ ಕೂರುವುದು, ಯಾರನ್ನೂ ಹಿಂದೆ ಬಿಡದಿರುವುದು. ಆರರಿಂದ ಹತ್ತು ಜನರ ಗುಂಪು ಸಾಕು. ನಿಧಾನವಾಗಿ ನಡೆಯುವವರು ಮುಂದಿರಲಿ, ಗಟ್ಟಿಗರು ಹಿಂದಿರಲಿ.

ಹೋಗುವುದು, ಬರುವುದು

ಶ್ರೀಶೈಲಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳೆಂದು ಹಿಂದಿನಿಂದ ಹೇಳುತ್ತಾರೆ. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಹೈದರಾಬಾದಿನವರು ಪಶ್ಚಿಮದ್ವಾರದ ದಿಕ್ಕಿನಿಂದ ಹೋಗಿ ಉತ್ತರದ್ವಾರದ ದಿಕ್ಕಿನಿಂದ ಮರಳುವುದು ಅನುಕೂಲ.

ಹೋಗುವಾಗ ಕಾಚಿಗುಡದಿಂದ ಕರ್ನೂಲಿಗೆ ರೈಲು, ಇಲ್ಲವೇ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ಬಸ್ಸು. ಸುಮಾರು 215 ಕಿ.ಮೀ. ಸಮಯವಿದ್ದರೆ ಆಲಂಪುರದಲ್ಲಿ ಇಳಿದು ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳನ್ನು ನೋಡಬಹುದು. ಕರ್ನೂಲಿನಿಂದ ಆತ್ಮಕೂರಿಗೆ ನಂದಿಕೊಟ್ಕೂರಿನ ಮೇಲೆ ಎಪ್ಪತ್ತು ಕಿ.ಮೀ. ಆಸುಪಾಸು. ಇಲ್ಲೊಂದು ಎಚ್ಚರ ಬೇಕು. ಆತ್ಮಕೂರು ಎಂಬ ಹೆಸರಿನ ಊರು ತೆಲಂಗಾಣದ ವನಪರ್ತಿ ಜಿಲ್ಲೆಯಲ್ಲೂ ಇದೆ, ಆಂಧ್ರದ ನೆಲ್ಲೂರು ಜಿಲ್ಲೆಯಲ್ಲೂ ಇದೆ. ನಿಮಗೆ ಬೇಕಾದ್ದು ನಂದ್ಯಾಲ ಜಿಲ್ಲೆಯ, ಕರ್ನೂಲು–ದೋರ್ನಾಲ ರಸ್ತೆಯ ಆತ್ಮಕೂರು. ಸಂಜೆಗೆ ಅಲ್ಲಿ ಮುಟ್ಟಿ, ಊಟ ಮಾಡಿ, ಬೇಗ ಮಲಗಿ. ಬಸ್ಸಿಳಿದು ನೇರ ಕಾಡಿಗೆ ಹೆಜ್ಜೆ ಹಾಕುವ ಅವಸರ ಬೇಡ.

ಬರುವಾಗ ಶ್ರೀಶೈಲದಿಂದ ಹೈದರಾಬಾದಿಗೆ ನೇರ ಬಸ್ಸುಗಳಿವೆ. ಸುಮಾರು 215 ಕಿ.ಮೀ. ದೂರದ ಈ ರಸ್ತೆ ಅಣೆಕಟ್ಟಿನ ಪಕ್ಕ ಕೃಷ್ಣೆ ದಾಟಿ, ದೋಮಲಪೆಂಟ, ವಟವರ್ಲಪಲ್ಲಿ, ಮನ್ನನೂರಿನ ಮೇಲೆ ಅಮ್ರಾಬಾದ್ ಕಾಡನ್ನು ಸೀಳಿ ಬರುತ್ತದೆ. ವನ್ಯಜೀವಿಗಳ ಸಲುವಾಗಿ ಮನ್ನನೂರು ಚೆಕ್‌ಪೋಸ್ಟ್ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಸ್ವಂತ ವಾಹನ ತರಿಸಿಕೊಂಡವರು ಇದನ್ನು ಲೆಕ್ಕದಲ್ಲಿಟ್ಟು ಸಂಜೆ ಐದರೊಳಗೆ ಬೆಟ್ಟ ಬಿಡಬೇಕು. ನಡೆದು ಬಳಲಿದವರು ಗಾಡಿ ಓಡಿಸಲೇಬಾರದು. ಹೊರಡುವ ದಿನ, ಕಾಡಿನ ಎರಡು ದಿನ, ದರ್ಶನ–ವಿಶ್ರಾಂತಿಗೆ ಒಂದು ದಿನ, ಮರಳಲು ಒಂದು ದಿನ ಎಂದು ಐದು ದಿನದ ರಜೆ ಹಾಕಿ. ನಾಲ್ಕಕ್ಕೆ ಇಳಿಸಲು ಹೋದರೆ ಮೊದಲು ಕಡಿತವಾಗುವುದು ವಿಶ್ರಾಂತಿ.

ಈ ಕಾಡು ಯಾರದು?

ನಲ್ಲಮಲ ಹುಲಿ, ಚಿರತೆ, ಕರಡಿಗಳ ಮನೆ, ಚೆಂಚು ಜನರ ಮನೆ. ಮಲ್ಲಿಕಾರ್ಜುನನನ್ನು ಚೆಂಚು ಮಲ್ಲಯ್ಯ ಎಂದು ಕರೆದು ತಮ್ಮ ಅಳಿಯನೆನ್ನುವ ಆ ಜನ ಈ ಹಾದಿಯನ್ನು ನಮಗಿಂತ ಮೊದಲು ಬಲ್ಲವರು. ಸರ್ಕಾರದ ಪಟ್ಟಿಯಲ್ಲಿ ಅವರು ವಿಶೇಷವಾಗಿ ದುರ್ಬಲ ಬುಡಕಟ್ಟು. ಮಲ್ಲಯ್ಯ ನಮ್ಮ ಅಳಿಯ ಎಂದು ಹೊರಟವರು ಅದೇ ಮಾತನ್ನು ಹೇಳುವ ಕಾಡಿನ ಜನರನ್ನು ಬೀಗರಂತೆ ಕಾಣಬೇಕು. ಅವರ ಗುಡಿಸಲೊಳಗೆ ಇಣುಕುವುದು, ಕೇಳದೆ ಫೋಟೊ ತೆಗೆಯುವುದು, ಮಕ್ಕಳಿಗೆ ಬಿಸ್ಕತ್ತು ಎಸೆಯುವುದು ಬೀಗರ ಮನೆಯಲ್ಲಿ ಮಾಡುವಂಥದ್ದಲ್ಲ. ಕೊಳ್ಳುವುದಿದ್ದರೆ ಅವರು ತೆಗೆದ ಜೇನನ್ನು ಗಿರಿಜನ ಸಹಕಾರ ನಿಗಮದ ಮಳಿಗೆಯಲ್ಲಿ ನ್ಯಾಯವಾದ ಬೆಲೆಗೆ ಕೊಳ್ಳಿ.

ಕಾಡಿನ ನಿಯಮಗಳು ಸರಳ. ಕತ್ತಲಾದ ಮೇಲೆ ನಡೆಯಬಾರದು. ದಾರಿ ಬಿಟ್ಟು ಹೋಗಬಾರದು. ಬೆಂಕಿ ಹಚ್ಚಲೇಬಾರದು. ಎಲೆ ಉದುರಿದ ಬೇಸಿಗೆಯ ಕಾಡಿಗೆ ಒಂದು ಬೀಡಿಯ ತುಂಡು ಸಾಕು. ಪ್ಲಾಸ್ಟಿಕ್ ಒಯ್ಯಬಾರದು, ದಾಸೋಹದಲ್ಲಿ ಕೊಟ್ಟ ಲೋಟವನ್ನೂ ಕಾಡಿನಲ್ಲಿ ಬಿಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಉಳಿದ ಅನ್ನದ ಆಸೆಗೆ ಜಿಂಕೆಗಳು ಚೀಲವನ್ನೇ ನುಂಗುತ್ತವೆ. ಒಳಗೆ ಒಯ್ದದ್ದೆಲ್ಲ ಹೊರಗೆ ಬರಬೇಕು.

ಹಬ್ಬದ ದಿನ ಮೀರಿಯೂ ನಲ್ಲಮಲವನ್ನು ನೋಡಬೇಕೆನ್ನುವವರಿಗೆ ನೇರ ದಾರಿಗಳಿವೆ. ಆತ್ಮಕೂರಿನ ಪಕ್ಕದ ಬೈರ್ಲೂಟಿಯಲ್ಲಿ ಅರಣ್ಯ ಇಲಾಖೆಯ ಬಿಡಾರ, ಹೈದರಾಬಾದ್ ರಸ್ತೆಯ ಫರಹಾಬಾದಿನಲ್ಲಿ ಇಲಾಖೆಯ ಸಫಾರಿ. ಅಡ್ಡದಾರಿ ಹಿಡಿಯುವ ಅಗತ್ಯವೇ ಇಲ್ಲ.

ಹಾದಿಯನ್ನು ಉಳಿಸುವುದು

ಸ್ಪೇನಿನ ಸ್ಯಾಂಟಿಯಾಗೊ ಯಾತ್ರಾಪಥಕ್ಕೆ 1993ರಲ್ಲಿ, ಜಪಾನಿನ ಕೀ ಪರ್ವತಗಳ ಯಾತ್ರಾಪಥಗಳಿಗೆ 2004ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮಾನ್ಯತೆ ಸಿಕ್ಕಿತು. ಅಮೆರಿಕದ ಸುಮಾರು 3,500 ಕಿ.ಮೀ. ಉದ್ದದ ಅಪಲೇಚಿಯನ್ ಹಾದಿ ಪೂರ್ಣಗೊಂಡದ್ದು 1937ರಲ್ಲಿ. ಅದನ್ನು ಇಂದಿಗೂ ಮುಖ್ಯವಾಗಿ ಕಾಪಾಡುತ್ತಿರುವವರು ಊರೂರಿನ ಸ್ವಯಂಸೇವಕರು. ಮರಗಳ ಮೇಲೆ ಗುರುತು ಬಳಿಯುವುದು, ತಂಗುಮನೆ ದುರಸ್ತಿ ಮಾಡುವುದು, ಕಸ ಹೊರುವುದು ಎಲ್ಲವೂ ಅವರದ್ದೇ. ನಮ್ಮ ಹಾದಿ ಇವುಗಳ ಸಾಲಿನಲ್ಲಿ ಕೂರುವಂಥದ್ದು. ವಯಸ್ಸಿನಲ್ಲಿ ಅಮೆರಿಕದ್ದಕ್ಕಿಂತ ಶತಮಾನಗಳಷ್ಟು ಹಿರಿದು, ದಾಸೋಹದ ಪರಂಪರೆಯಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಆದರೆ ದಾಸೋಹ ಮಾಡುವ ಕೈಗಳಷ್ಟೇ ಕಸ ಎತ್ತುವ ಕೈಗಳೂ ಬೇಕು. ಕಾಡು ತೆರೆಯುವ ದಿನಗಳ ಪ್ರಕಟಣೆ ಸಾಕಷ್ಟು ಮುಂಚಿತವಾಗಿ, ಕನ್ನಡದಲ್ಲೂ ಬರಬೇಕು. ಹಲವು ರಾಜ್ಯಗಳ ಜನ ನಡೆಯುವ ಹಾದಿಯನ್ನು ಆ ರಾಜ್ಯಗಳೆಲ್ಲ ಕೂಡಿ ನೋಡಿಕೊಳ್ಳಬೇಕು.

ಹೈದರಾಬಾದಿನ ಕನ್ನಡಿಗರಿಗೆ ಇಲ್ಲೊಂದು ಕೆಲಸವಿದೆ. ನಮಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಅರಣ್ಯ ಇಲಾಖೆಯ ತೆಲುಗು ಸೂಚನೆಯನ್ನು ಕಂಬಿಯವರಿಗೆ ಕನ್ನಡದಲ್ಲಿ ತಿಳಿಸಲು, ಕಾಯಿಲೆ ಬಿದ್ದ ಅಜ್ಜನ ಮಾತನ್ನು ವೈದ್ಯರಿಗೆ ತೆಲುಗಿನಲ್ಲಿ ಹೇಳಲು ನಮಗಿಂತ ತಕ್ಕವರಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ನಮ್ಮ ಸಂಸ್ಥೆಗಳ ಅಂಗಳದಲ್ಲಿ ಸಂಕ್ರಾಂತಿ ಕಳೆದ ಒಂದು ಭಾನುವಾರ ಸೇರಿ, ನಡೆಯುವವರ ಗುಂಪು, ಸೇವೆಗೆ ನಿಲ್ಲುವವರ ಗುಂಪು ಎಂದು ಎರಡು ಪಟ್ಟಿ ಮಾಡೋಣ. ನಡೆಯಬಲ್ಲವರು ಈ ವಾರವೇ ನಡಿಗೆ ಶುರುಮಾಡಿ. ನಡೆಯಲಾಗದವರು ನಾಗಲೂಟಿಯಲ್ಲೋ ಕೈಲಾಸ ದ್ವಾರದಲ್ಲೋ ಎರಡು ದಿನ ಸೇವೆಗೆ ನಿಲ್ಲಲು ಹೆಸರು ಕೊಡಿ. ಊರಿಂದ ನಡೆದು ಬರುವ ನಮ್ಮ ಜನಕ್ಕೆ ನಾವು ಮಾಡಬಹುದಾದ ದಾಸೋಹ ಅದೇ.